ಕಾಣದ ವಸ್ತುವೋ, ತಪ್ಪಿದ ನಿಯಮವೋ? ಗುರುತ್ವಾಕರ್ಷಣೆಯ ಚರಿತ್ರೆಯಲ್ಲಿ ನಮ್ಮ ನಾಡು

ನಮ್ಮ ಶಾಲೆಗೆ ಐವತ್ತು ತುಂಬಿದ ಸಂದರ್ಭದಲ್ಲಿ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆ ಹುಟ್ಟಿದ ಬಗೆಯನ್ನೂ ಊರು ಬೆಳೆದ ಬಗೆಯನ್ನೂ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಇದೇ ಸಂಚಿಕೆಯಲ್ಲಿ ಬರೆದಿದ್ದಾರೆ. ಇಲ್ಲಿ ಹದಿನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ಗೊತ್ತಿರುವುದು ಇನ್ನೊಂದು ಬಗೆಯ ಚರಿತ್ರೆ. ಅದು ಒಂದು ನಿಯಮದ ಚರಿತ್ರೆ. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ನೀವೆಲ್ಲರೂ ಬಾಯಿಪಾಠ ಮಾಡಿದ ಗುರುತ್ವಾಕರ್ಷಣೆಯ ನಿಯಮ.

ಆ ಪಾಠ ಮಾಡುವಾಗ ಪ್ರತಿವರ್ಷವೂ ಯಾರಾದರೂ ಒಬ್ಬರು ಕೇಳುತ್ತಿದ್ದ ಪ್ರಶ್ನೆಯೊಂದಿದೆ: "ಸರ್, ಇದು ಎಲ್ಲ ಕಡೆಗೂ ಸರಿ ಅಂತ ಯಾರು ನೋಡಿದ್ದಾರೆ?" ಮುಂದಿನ ಬೆಂಚಿನವರು ನಗುತ್ತಿದ್ದರು. ನಗಬೇಕಾದ ಪ್ರಶ್ನೆ ಅದಲ್ಲ. ಪ್ರಪಂಚದ ದೊಡ್ಡ ದೊಡ್ಡ ಭೌತವಿಜ್ಞಾನಿಗಳು ತಮ್ಮ ಆಯುಷ್ಯವನ್ನು ಕೊಟ್ಟಿರುವುದು ಇದೇ ಪ್ರಶ್ನೆಗೆ. ಅದಕ್ಕೆ ಉತ್ತರ ಹುಡುಕಿದವರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಿದ್ದಾರೆ. ಹುಡುಕಿದ ಜಾಗಗಳಲ್ಲೊಂದು ನಮ್ಮದೇ ಕರ್ನಾಟಕದ ಗೌರಿಬಿದನೂರು. ಈ ಸಂಗತಿ ಪಠ್ಯಪುಸ್ತಕದಲ್ಲಿ ಇಲ್ಲದಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಿಯಮದೊಳಗಿನ ಎರಡು ಮಾತು

ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮದಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಒಂದು, ದೂರ ಎರಡರಷ್ಟಾದರೆ ಸೆಳೆತ ಕಾಲು ಭಾಗಕ್ಕಿಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ. ಇದು ವಿಲೋಮ ವರ್ಗ ನಿಯಮ. ಎರಡು, ವಸ್ತು ಯಾವುದು ಎಂಬುದು ಮುಖ್ಯವಲ್ಲ, ಅದರ ದ್ರವ್ಯರಾಶಿ ಎಷ್ಟು ಎಂಬುದಷ್ಟೇ ಮುಖ್ಯ. ಒಂದು ಕಿಲೋ ಚಿನ್ನವನ್ನೂ ಒಂದು ಕಿಲೋ ರಾಗಿಯನ್ನೂ ಭೂಮಿ ಒಂದೇ ಸಮನಾಗಿ ಸೆಳೆಯುತ್ತದೆ. ನ್ಯೂಟನ್ ಇದನ್ನು ಬರಿಯ ಮಾತಿಗೆ ಬಿಡಲಿಲ್ಲ. ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಮರ, ನೀರು, ಕೊನೆಗೆ ಗೋಧಿಯನ್ನೂ ಲೋಲಕಗಳಲ್ಲಿ ತೂಗಿಬಿಟ್ಟು ಅವು ಒಂದೇ ಲಯದಲ್ಲಿ ತೂಗಾಡುತ್ತವೆಯೇ ಎಂದು ನೋಡಿದರು. ಸಾವಿರದಲ್ಲಿ ಒಂದು ಪಾಲಿನಷ್ಟು ನಿಖರವಾಗಿ ವ್ಯತ್ಯಾಸ ಕಾಣಲಿಲ್ಲ.

ಈ ಎರಡೂ ಮಾತುಗಳನ್ನು ಅಲ್ಲಿಂದೀಚೆಗೆ ಎಲ್ಲರೂ ನಂಬಿದರು ಎಂದುಕೊಳ್ಳಬೇಡಿ. ನಂಬುವುದು ಬೇರೆ, ಅಳೆದು ನೋಡುವುದು ಬೇರೆ. ಅಳೆಯುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಚಾಮುಂಡಿ ಬೆಟ್ಟವನ್ನೇ ತೆಗೆದುಕೊಳ್ಳಿ. ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಭೂಮಿಯ ಕೇಂದ್ರದಿಂದ ಅಷ್ಟು ದೂರ ಸರಿದದ್ದಕ್ಕೆ, ಬೆಟ್ಟದ ಸ್ವಂತ ಸೆಳೆತವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನಮ್ಮ ತೂಕ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಅರವತ್ತು ಕಿಲೋ ತೂಗುವವರಿಗೆ ಸುಮಾರು ಆರು ಗ್ರಾಂ. ಮೆಟ್ಟಿಲು ಹತ್ತುವಾಗ ಸುರಿಸುವ ಬೆವರು ಅದಕ್ಕಿಂತ ಹೆಚ್ಚು!

ಗುರುತ್ವ ಅಷ್ಟು ದುರ್ಬಲ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಮೇಲೆತ್ತುತ್ತದೆ, ಅದನ್ನು ಕೆಳಕ್ಕೆಳೆಯಲು ಇಡೀ ಭೂಮಿ ಪ್ರಯತ್ನಿಸುತ್ತಿರುವಾಗಲೂ. ಅದಕ್ಕೇ ಎರಡು ಸಣ್ಣ ವಸ್ತುಗಳ ನಡುವಿನ ಗುರುತ್ವವನ್ನು ಪ್ರಯೋಗಶಾಲೆಯಲ್ಲಿ ಅಳೆಯಲು ನ್ಯೂಟನ್ನರ ನಂತರ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1798ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ತಂತಿಯಲ್ಲಿ ಅಡ್ಡಕೋಲೊಂದನ್ನು ತೂಗುಹಾಕಿ, ಅದರ ತುದಿಗಳ ಸಣ್ಣ ಗುಂಡುಗಳ ಬಳಿಗೆ ತಲಾ 158 ಕಿಲೋ ತೂಕದ ಸೀಸದ ಗುಂಡುಗಳನ್ನು ತಂದು, ತಂತಿ ಎಷ್ಟು ತಿರುಚಿಕೊಳ್ಳುತ್ತದೆ ಎಂದು ನೋಡಿದರು. ತಮ್ಮ ಮೈಬಿಸಿಯಿಂದ ಗಾಳಿ ಅಲುಗಬಾರದೆಂದು ಉಪಕರಣವನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಹೊರಗಿನಿಂದ ದೂರದರ್ಶಕದಲ್ಲಿ ನೋಡಿ ಅಳತೆ ಬರೆದುಕೊಂಡರು. ಈ ತಿರುಚು ತಕ್ಕಡಿಯನ್ನು ನೆನಪಿನಲ್ಲಿಡಿ, ಗೌರಿಬಿದನೂರಿನಲ್ಲಿ ಮತ್ತೆ ಸಿಗುತ್ತದೆ.

ಶ್ರೀರಂಗಪಟ್ಟಣದಿಂದ ಹೊರಟ ದಾರಿ

ಭಾರತದಲ್ಲಿ ಈ ಕಥೆ ಶುರುವಾಗುವುದು ನಮ್ಮ ಪಕ್ಕದಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೇನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಗೆದ್ದ ನಾಡನ್ನು ಅಳೆಯಬೇಕೆಂದು ಆತ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನಿಂದ ಹೊರಟ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಮುಂದೆ ಜಾರ್ಜ್ ಎವರೆಸ್ಟ್ ಕಾಲದಲ್ಲಿ ಹಿಮಾಲಯದ ತಪ್ಪಲನ್ನು ಮುಟ್ಟಿತು.

ಅಲ್ಲೊಂದು ತಕರಾರು ಎದ್ದಿತು. ಮಧ್ಯ ಭಾರತದ ಕಲ್ಯಾಣ್‌ಪುರ ಮತ್ತು ಉತ್ತರದ ಕಲಿಯಾನಾ ಎಂಬ ಎರಡು ಜಾಗಗಳ ನಡುವೆ ಸುಮಾರು 600 ಕಿಲೋಮೀಟರ್. ಸರಪಳಿ ಹಿಡಿದು, ತ್ರಿಕೋನ ಕಟ್ಟಿ ಅಳೆದ ಅಂತರಕ್ಕೂ ನಕ್ಷತ್ರ ನೋಡಿ ಲೆಕ್ಕ ಹಾಕಿದ ಅಂತರಕ್ಕೂ 5.236 ಸೆಕೆಂಡ್ ಕೋನದಷ್ಟು, ಅಂದರೆ ನೆಲದ ಮೇಲೆ ಸುಮಾರು 160 ಮೀಟರಿನಷ್ಟು, ವ್ಯತ್ಯಾಸ ಬಂತು. ಕಾರಣ ಹೀಗಿರಬಹುದೆಂದು ಊಹಿಸಿದರು: ನಕ್ಷತ್ರ ನೋಡುವಾಗ ನೇರ ಯಾವುದೆಂದು ಹೇಳುವುದು ತೂಗುಗುಂಡು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಬಿಡುವ ಅದೇ ಗುಂಡು. ಹಿಮಾಲಯದಂಥ ರಾಶಿ ಪಕ್ಕದಲ್ಲಿದ್ದರೆ ಅದು ಗುಂಡನ್ನು ತನ್ನ ಕಡೆಗೆ ಸ್ವಲ್ಪ ಎಳೆಯುತ್ತದೆ.

ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಗಣಿತಜ್ಞರೂ ಆಗಿದ್ದರು. ಹಿಮಾಲಯದ ಸೆಳೆತವನ್ನು ನ್ಯೂಟನ್ ನಿಯಮದಂತೆ ಲೆಕ್ಕ ಹಾಕಿದಾಗ ಅವರಿಗೆ ಸಿಕ್ಕಿದ್ದು 15.885 ಸೆಕೆಂಡ್. ಕಂಡದ್ದರ ಮೂರರಷ್ಟು! ಹಾಗಾದರೆ ಏನರ್ಥ? ಒಂದೋ ಅಷ್ಟು ದೊಡ್ಡ ಪ್ರಮಾಣದಲ್ಲಿ ನ್ಯೂಟನ್ ನಿಯಮ ತಪ್ಪು, ಅಥವಾ ಬೆಟ್ಟದ ಕೆಳಗೆ ನಮ್ಮ ಕಣ್ಣಿಗೆ ಕಾಣದ್ದೇನೋ ಇದೆ. 1855ರಲ್ಲಿ ಜಾರ್ಜ್ ಏರಿ ಎರಡನೆಯದನ್ನು ಹಿಡಿದರು. ನೀರಿನಲ್ಲಿ ತೇಲುವ ದಿಮ್ಮಿಯ ಬಹುಪಾಲು ನೀರಿನೊಳಗಿರುವಂತೆ, ಪರ್ವತಗಳಿಗೂ ಆಳಕ್ಕಿಳಿದ ಹಗುರವಾದ ಬೇರುಗಳಿವೆ. ಹಿಮಾಲಯದ ಸೆಳೆತ ಕಡಿಮೆ ಕಂಡದ್ದು ಅದರಿಂದ. ನಿಯಮ ಉಳಿಯಿತು, ಭೂಮಿಯ ಒಳಗಿನ ರಚನೆಯ ಬಗ್ಗೆ ಹೊಸ ತಿಳಿವಳಿಕೆ ಹುಟ್ಟಿತು.

"ಕಾಣದ ವಸ್ತುವೋ, ತಪ್ಪಿದ ನಿಯಮವೋ?" ಈ ಪ್ರಶ್ನೆ ಗುರುತ್ವದ ಚರಿತ್ರೆಯುದ್ದಕ್ಕೂ ಬರುತ್ತದೆ, ಉತ್ತರ ಮಾತ್ರ ಪ್ರತಿಸಲವೂ ಒಂದೇ ಅಲ್ಲ. ಯುರೇನಸ್ ಗ್ರಹ ಲೆಕ್ಕದಂತೆ ಚಲಿಸದಿದ್ದಾಗ ಕಾಣದ ಗ್ರಹವೊಂದಿರಬೇಕು ಎಂದರು, 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧ ಗ್ರಹದ ಕಕ್ಷೆ ಶತಮಾನಕ್ಕೆ 43 ಸೆಕೆಂಡ್ ಕೋನದಷ್ಟು ಹೆಚ್ಚಾಗಿ ಸರಿಯುತ್ತಿದ್ದಾಗಲೂ ಅದೇ ಧೈರ್ಯದಿಂದ ಕಾಣದ ಗ್ರಹವನ್ನು ಹುಡುಕಿದರು. ಅದು ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಬಂದು ಅಲ್ಲಿ ತಿದ್ದಬೇಕಾದದ್ದು ನಿಯಮವನ್ನೇ ಎಂದು ತೋರಿಸಿದರು. ಒಂದು ಸಲ ವಸ್ತು, ಇನ್ನೊಂದು ಸಲ ನಿಯಮ. ಯಾವುದು ಎಂದು ಮೊದಲೇ ಹೇಳಲು ಯಾರಿಗೂ ಆಗುವುದಿಲ್ಲ.

ಐದನೆಯ ಬಲದ ಗದ್ದಲ

ಈಗ ನಮ್ಮ ಕಾಲಕ್ಕೆ ಬರೋಣ. 1980ರ ಸುಮಾರಿಗೆ ಗುರುತ್ವ ನಿಯಮದ ಪರೀಕ್ಷೆಯಲ್ಲಿ ಒಂದು ವಿಚಿತ್ರ ಕೊರತೆ ಉಳಿದಿತ್ತು. ಕೆಲವು ಸೆಂಟಿಮೀಟರಿನಿಂದ ಒಂದೆರಡು ಮೀಟರಿನವರೆಗೆ ಪ್ರಯೋಗಶಾಲೆಯಲ್ಲಿ ಅಳೆದಿದ್ದರು. ಲಕ್ಷ, ಕೋಟಿ ಕಿಲೋಮೀಟರುಗಳ ದೂರದಲ್ಲಿ ಚಂದ್ರ, ಗ್ರಹ, ಉಪಗ್ರಹಗಳು ಸಾಕ್ಷಿ ಹೇಳಿದ್ದವು. ಆದರೆ ನಡುವಿನ ಅಳತೆ, ಅಂದರೆ ಹತ್ತಾರು ಮೀಟರಿನಿಂದ ಕೆಲವು ಕಿಲೋಮೀಟರ್ ವರೆಗೆ, ನಾವು ದಿನವೂ ಓಡಾಡುವ ದೂರ, ಅಲ್ಲಿ ಪರೀಕ್ಷೆ ಸಡಿಲವಾಗಿತ್ತು. ಶಾಲೆಯಿಂದ ಬಸ್ ನಿಲ್ದಾಣಕ್ಕೆ ಇರುವ ದೂರದಲ್ಲಿ ಗುರುತ್ವ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಗ್ರಹಗಳ ದೂರದಲ್ಲಿ ಗೊತ್ತಿದ್ದಷ್ಟು ಚೆನ್ನಾಗಿ ಗೊತ್ತಿರಲಿಲ್ಲ!

ಆಸ್ಟ್ರೇಲಿಯಾದ ಫ್ರಾಂಕ್ ಸ್ಟೇಸಿ ಮತ್ತು ಸಂಗಡಿಗರು ಗಣಿಗಳಲ್ಲಿ ಇಳಿದು, ಆಳ ಹೆಚ್ಚಿದಂತೆ ಗುರುತ್ವ ಹೇಗೆ ಬದಲಾಗುತ್ತದೆ ಎಂದು ಅಳೆದರು. ಸುತ್ತಲಿನ ಬಂಡೆಯ ಸಾಂದ್ರತೆ ಗೊತ್ತಿದ್ದರೆ ಅದರಿಂದ ಗುರುತ್ವ ಸ್ಥಿರಾಂಕವನ್ನು ಲೆಕ್ಕ ಹಾಕಬಹುದು. ಅವರಿಗೆ ಸಿಕ್ಕ ಬೆಲೆ ಪ್ರಯೋಗಶಾಲೆಯ ಬೆಲೆಗಿಂತ ಶೇಕಡ ಒಂದಕ್ಕೆ ಸಮೀಪದಷ್ಟು ಹೆಚ್ಚಾಗಿತ್ತು.

1986ರ ಜನವರಿಯಲ್ಲಿ ಅಮೆರಿಕದ ಎಫ್ರೈಮ್ ಫಿಷ್‌ಬಾಕ್ ಮತ್ತು ಸಂಗಡಿಗರು ಇನ್ನೊಂದು ಬಾಂಬ್ ಸಿಡಿಸಿದರು. ಹಂಗೆರಿಯ ಏಟ್ವಷ್ ಎಂಬ ವಿಜ್ಞಾನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುಚು ತಕ್ಕಡಿಯಿಂದ ಬೇರೆ ಬೇರೆ ವಸ್ತುಗಳನ್ನು ಹೋಲಿಸಿದ್ದರು. ಹತ್ತು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಸೂಕ್ಷ್ಮವಾದ ಆ ಅಳತೆಗಳು ಅವರ ಮರಣಾನಂತರ 1922ರಲ್ಲಿ ಪ್ರಕಟವಾಗಿದ್ದವು. ವ್ಯತ್ಯಾಸವೇ ಇಲ್ಲ ಎಂಬುದು ಅವುಗಳ ತೀರ್ಮಾನವೆಂದು ಎಲ್ಲರೂ ತಿಳಿದಿದ್ದರು. ಫಿಷ್‌ಬಾಕ್ ತಂಡ ಆ ಹಳೆಯ ಅಂಕಿಗಳನ್ನು ಮತ್ತೆ ಜೋಡಿಸಿ ನೋಡಿ, ಅಲ್ಲೊಂದು ಸಣ್ಣ ಕ್ರಮಬದ್ಧ ವ್ಯತ್ಯಾಸವಿದೆ ಎಂದಿತು. ಗುರುತ್ವದ ಶೇಕಡ ಒಂದರಷ್ಟು ಬಲದ, ಸುಮಾರು 200 ಮೀಟರ್ ವ್ಯಾಪ್ತಿಯ, ವಸ್ತುವಿನಿಂದ ವಸ್ತುವಿಗೆ ಬದಲಾಗುವ ಹೊಸ ಬಲವೊಂದಿರಬಹುದು. ಗುರುತ್ವ, ವಿದ್ಯುತ್ಕಾಂತ ಬಲ, ಪರಮಾಣು ಬೀಜದೊಳಗಿನ ಎರಡು ಬಲ, ಇವು ನಾಲ್ಕು. ಇದು ಐದನೆಯ ಬಲ! ಪ್ರಪಂಚದ ಪತ್ರಿಕೆಗಳೆಲ್ಲ ಬರೆದವು. ಹಲವು ದೇಶಗಳಲ್ಲಿ ಪ್ರಯೋಗಗಳು ಶುರುವಾದವು.

ಗೌರಿಬಿದನೂರಿನ ಬಾವಿ

ಈ ಗದ್ದಲಕ್ಕೆ ಮೊದಲೇ, 1980ರ ದಶಕದ ಮೊದಲ ವರ್ಷಗಳಲ್ಲೇ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಮಾನಾಥ ಕೌಶಿಕ್ ಅವರು ಗುರುತ್ವದ ಎರಡನೆಯ ಮಾತನ್ನು, ಅಂದರೆ ವಸ್ತು ಯಾವುದಾದರೂ ಸೆಳೆತ ಒಂದೇ ಎಂಬುದನ್ನು, ಹೊಸದಾಗಿ ಪರೀಕ್ಷಿಸಲು ಯೋಜನೆ ಹಾಕಿದ್ದರು. ಕೌಶಿಕ್ 1958ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಬಿ.ಎಸ್ಸಿ., ಅನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಿಂದ ಎಂ.ಎಸ್ಸಿ. ಪಡೆದವರು.

ಅವರ ತಂಡ ಆಯ್ದುಕೊಂಡ ಜಾಗ ಆಗಿನ ಕೋಲಾರ ಜಿಲ್ಲೆಯ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು. ಹತ್ತಿರದ ವಿದುರಾಶ್ವತ್ಥದ 1938ರ ಗೋಲಿಬಾರಿನಿಂದ ಆ ಸೀಮೆಯ ಹೆಸರು ನಮಗೆಲ್ಲ ಗೊತ್ತು. ಪ್ರಶ್ನೆ ಕೇಳುವುದನ್ನು ನಾಡಿಗೇ ಕಲಿಸಿದ ಭೌತವಿಜ್ಞಾನದ ಮೇಷ್ಟ್ರು ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಇರುವುದೂ ಅದೇ ತಾಲ್ಲೂಕಿನಲ್ಲಿ. ವಿಜ್ಞಾನಿಗಳಿಗೆ ಅದು ಬೇರೆ ಕಾರಣಕ್ಕೆ ಬೇಕಾಗಿತ್ತು. ಅಲ್ಲಿನ ನೆಲದಡಿಯ ಗಟ್ಟಿ ಬಂಡೆ ಬಹಳ ಶಾಂತ. ದೂರದೇಶಗಳ ಭೂಕಂಪ ಮತ್ತು ಪರಮಾಣು ಸ್ಫೋಟಗಳ ಕಂಪನವನ್ನು ಹಿಡಿಯುವ ಕೇಂದ್ರವೊಂದು 1965ರಿಂದಲೇ ಅಲ್ಲಿ ಕೆಲಸ ಮಾಡುತ್ತಿತ್ತು.

ಅಲ್ಲಿ 25 ಮೀಟರ್ ಆಳದ ಬಾವಿ ತೋಡಿ ಅದರ ತಳದಲ್ಲಿ ತಿರುಚು ತಕ್ಕಡಿಯನ್ನು ಇಟ್ಟರು. ನೀರಿಗಲ್ಲ, ನಿಶ್ಶಬ್ದಕ್ಕಾಗಿ ತೋಡಿದ ಬಾವಿ ಅದು. ಹಗಲು ರಾತ್ರಿಯ ಬಿಸಿ ತಂಪು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಗಾಳಿಯಿಲ್ಲ, ಓಡಾಟವಿಲ್ಲ. ಇಂಥ ಪ್ರಯೋಗಕ್ಕೆ ಪಕ್ಕದಲ್ಲಿ ಹಾದುಹೋಗುವ ಲಾರಿ ಎರಡು ಬಗೆಯಲ್ಲಿ ಶತ್ರು. ಅದು ನೆಲವನ್ನು ಅದುರಿಸುತ್ತದೆ, ಜೊತೆಗೆ ಅದರ ದ್ರವ್ಯರಾಶಿಯೇ ತಕ್ಕಡಿಯನ್ನು ಸೆಳೆಯುತ್ತದೆ. ಮಳೆ ಬಿದ್ದು ಸುತ್ತಲಿನ ಮಣ್ಣು ನೀರು ಕುಡಿದರೆ ಅದೂ ಸೆಳೆತವನ್ನು ಬದಲಿಸುತ್ತದೆ. ಅಳೆಯಲು ಹೋದವರೇ ಹತ್ತಿರ ನಿಂತರೆ ಅವರ ಮೈ ತೂಕವೂ ಲೆಕ್ಕ ಕೆಡಿಸುತ್ತದೆ.

ಪ್ರಯೋಗದ ತಿರುಳು ಸರಳ. ಸಣ್ಣ ತಂತಿಯೊಂದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿಂದ ಮಾಡಿದ ತೂಕವನ್ನು ಸಮತೂಕವಾಗಿ ತೂಗುಹಾಕುತ್ತಾರೆ. ಹತ್ತಿರದಲ್ಲಿ ಭಾರಿ ಲೋಹದ ರಾಶಿಗಳನ್ನಿಟ್ಟು ಅವುಗಳ ಸ್ಥಾನವನ್ನು ಆಗಾಗ ಬದಲಿಸುತ್ತಾರೆ. ನ್ಯೂಟನ್ ಹೇಳಿದ್ದು ನಿಜವಾದರೆ ಎರಡು ವಸ್ತುಗಳೂ ಒಂದೇ ಸಮನಾಗಿ ಸೆಳೆಯಲ್ಪಡುತ್ತವೆ, ತಂತಿ ತಿರುಚುವುದಿಲ್ಲ. ಐದನೆಯ ಬಲವಿದ್ದರೆ ಒಂದನ್ನು ಇನ್ನೊಂದಕ್ಕಿಂತ ಹೆಚ್ಚು ತಳ್ಳುತ್ತದೆ ಅಥವಾ ಎಳೆಯುತ್ತದೆ, ರಾಶಿಗಳ ಸ್ಥಾನ ಬದಲಿಸಿದ ಲಯದಲ್ಲೇ ತಂತಿ ತಿರುಚುತ್ತದೆ. ತಿರುಚುವಿಕೆಯನ್ನು ಬೆಳಕಿನ ಕಿರಣದಿಂದ ಅಳೆಯುತ್ತಾರೆ.

ವಸ್ತುಗಳ ಆಯ್ಕೆಯಲ್ಲಿ ಜಾಣತನವಿದೆ. ಆಗ ಬಂದ ಸಿದ್ಧಾಂತಗಳಲ್ಲಿ ಒಂದರ ಪ್ರಕಾರ ಹೊಸ ಬಲ ಪರಮಾಣುವಿನಲ್ಲಿರುವ ನ್ಯೂಟ್ರಾನ್ ಮತ್ತು ಪ್ರೋಟಾನ್‌ಗಳ ವ್ಯತ್ಯಾಸವನ್ನು ಅವಲಂಬಿಸಿರಬೇಕು. ತಾಮ್ರದಲ್ಲಿ 29 ಪ್ರೋಟಾನ್, ನ್ಯೂಟ್ರಾನ್‌ಗಳು 34 ಅಥವಾ 36. ಸೀಸದಲ್ಲಿ 82 ಪ್ರೋಟಾನ್, ನ್ಯೂಟ್ರಾನ್‌ಗಳು 125ರ ಆಸುಪಾಸು. ಹೀಗೆ ವ್ಯತ್ಯಾಸ ಹೆಚ್ಚಿರುವ ಮತ್ತು ಕಡಿಮೆಯಿರುವ ವಸ್ತುಗಳನ್ನು ಹೋಲಿಸಿದರೆ ಬಲವಿದ್ದಲ್ಲಿ ಅಡಗಿಕೊಳ್ಳಲು ಜಾಗವಿರುವುದಿಲ್ಲ.

ಕೌಶಿಕ್, ಎನ್. ಕೃಷ್ಣನ್, ಎಸ್.ಎನ್. ಟಂಡನ್, ಸಿ.ಎಸ್. ಉಣ್ಣಿಕೃಷ್ಣನ್ ಅವರ ತಂಡ 1988ರಲ್ಲಿ ಮತ್ತು ಇನ್ನಷ್ಟು ಸೂಕ್ಷ್ಮವಾಗಿ 1990ರಲ್ಲಿ ತನ್ನ ಫಲಿತಾಂಶಗಳನ್ನು ಅಮೆರಿಕದ ಪ್ರಮುಖ ಭೌತವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿತು. ಉತ್ತರ: ಇಲ್ಲ. ಹೇಳಿದಂಥ ಬಲ ಕಾಣಿಸಲಿಲ್ಲ. ಅಮೆರಿಕದ ಸಿಯಾಟಲ್‌ನ ತಂಡವೂ ಬೇರೆ ಬಗೆಯ ತಕ್ಕಡಿಯಿಂದ ಅದನ್ನೇ ಹೇಳಿತು. ಬಲವಿದೆ ಎಂದು ಮೊದಲು ಸೂಚಿಸಿದ್ದ ಒಂದೆರಡು ಪ್ರಯೋಗಗಳನ್ನು ಬೇರೆಯವರು ಮಾಡಿದಾಗ ಅದೇ ಉತ್ತರ ಬರಲಿಲ್ಲ. ಎತ್ತರದ ಟಿ.ವಿ. ಗೋಪುರಗಳ ಮೇಲೆ ಮಾಡಿದ ಅಳತೆಗಳೂ ಕೊನೆಗೆ ನ್ಯೂಟನ್ ಪಕ್ಷಕ್ಕೇ ಬಂದವು. 1990ರ ದಶಕದ ಆರಂಭದ ಹೊತ್ತಿಗೆ ಐದನೆಯ ಬಲದ ಗದ್ದಲ ತಣ್ಣಗಾಯಿತು.

ಹಾಗಾದರೆ ಆ ಬಾವಿ ತೋಡಿದ್ದು ವ್ಯರ್ಥವೇ? ನಮ್ಮ ಮಕ್ಕಳು ಲ್ಯಾಬ್‌ನಲ್ಲಿ ಪ್ರಯೋಗ ಮಾಡಿ ನಿರೀಕ್ಷಿಸಿದ ಉತ್ತರ ಬರದಿದ್ದರೆ ಪಕ್ಕದವರ ರೆಕಾರ್ಡ್ ನೋಡಿ ಬರೆಯುವುದುಂಟು. "ಇಲ್ಲ" ಎಂಬುದು ಸೋಲು ಎಂದು ಅವರಿಗೆ ನಾವೇ ಕಲಿಸಿಬಿಟ್ಟಿದ್ದೇವೆ. ಬೋರ್‌ವೆಲ್ ಕೊರೆಸಿದ ರೈತನಿಗೆ ನೀರು ಇಲ್ಲ ಎನ್ನುವುದು ನಷ್ಟವೇ ಸರಿ. ಆದರೆ ಇಡೀ ಪ್ರಪಂಚ ಇದೆ ಇದೆ ಎನ್ನುತ್ತಿರುವಾಗ, ವರ್ಷಗಟ್ಟಲೆ ತಾಳ್ಮೆಯಿಂದ ನೋಡಿ, ಇಲ್ಲ ಎಂದು ಇಷ್ಟು ನಿಖರವಾಗಿ ಹೇಳುವುದು ದೊಡ್ಡ ಕೆಲಸ. ಅಂದಿನಿಂದ ಯಾರು ಹೊಸ ಸಿದ್ಧಾಂತ ಕಟ್ಟಿದರೂ ಗೌರಿಬಿದನೂರಿನ ಆ ಮಿತಿಯನ್ನು ದಾಟದಂತೆ ಕಟ್ಟಬೇಕಾಯಿತು.

ಅದೇ ಜಿಲ್ಲೆಯ ಇನ್ನೊಂದು ಆಳ

ಕೋಲಾರದ ಮಾತು ಬಂದಾಗ ಚಿನ್ನದ ಗಣಿಯನ್ನು ಬಿಡುವಂತಿಲ್ಲ. ನಮ್ಮ ಕಾವೇರಿಗೂ ಆ ಗಣಿಗೂ ನಂಟಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದದ್ದು ಕೋಲಾರದ ಗಣಿಗಳಿಗಾಗಿ. ಅದೇ ಗಣಿಗಳಿಗೆ 1951ರಲ್ಲಿ ಉಪಕರಣ ಹೊತ್ತು ಇಳಿದವರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಹೋಮಿ ಭಾಭಾ ಅವರನ್ನು ಕಳಿಸಿದ್ದು ವಿಶ್ವಕಿರಣಗಳು ನೆಲದಡಿ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ನೋಡಲು. ಮುಂದೆ 1965ರಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಹಿಡಿಯಿತು. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲೂ ಅವು ಸಿಕ್ಕವು. ಶ್ರೀಕಂಠನ್ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಗೌರಿಬಿದನೂರಿನ ಕೆಲಸ ಶುರುವಾದದ್ದು ಅವರ ಕಾಲದಲ್ಲೇ.

1980ರಲ್ಲಿ ಅದೇ ಆಳದಲ್ಲಿ 140 ಟನ್ ಕಬ್ಬಿಣದ ಉಪಕರಣವನ್ನು ಇಟ್ಟು ಪ್ರೋಟಾನ್ ಒಡೆಯುತ್ತದೆಯೇ ಎಂದು ಕಾದರು. ಗುರುತ್ವವೊಂದನ್ನು ಬಿಟ್ಟು ಉಳಿದ ಮೂರು ಬಲಗಳು ಅತಿ ಸೂಕ್ಷ್ಮ ಅಳತೆಯಲ್ಲಿ ಒಂದೇ ಆಗಿವೆ ಎಂಬ ಸಿದ್ಧಾಂತ ಆಗ ಬಂದಿತ್ತು. ಅಷ್ಟು ಸೂಕ್ಷ್ಮ ಅಳತೆಯನ್ನು ಮುಟ್ಟುವ ಯಂತ್ರ ಕಟ್ಟಲು ಸಾಧ್ಯವಿಲ್ಲ. ಸಿದ್ಧಾಂತ ನಿಜವಾದರೆ ಅಪರೂಪಕ್ಕೊಮ್ಮೆ ಪ್ರೋಟಾನ್ ತಾನಾಗಿ ಒಡೆಯಬೇಕು, ಕಾದು ನೋಡುವುದೊಂದೇ ದಾರಿ. ಕೋಲಾರದ ತಂಡ ಕೆಲವು ಘಟನೆಗಳನ್ನು ಕಂಡು ಇವು ಅದೇ ಇರಬಹುದು ಎಂದಿತು. ಆದರೆ ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಿಗೆ ಅವು ಕಾಣಲಿಲ್ಲ. ಇಂದಿಗೂ ಪ್ರೋಟಾನ್ ಒಡೆದದ್ದನ್ನು ಯಾರೂ ಕಂಡಿಲ್ಲ. ಪ್ರಯೋಗ 1992ರಲ್ಲಿ ನಿಂತಿತು, ಗಣಿಯೂ 2001ರಲ್ಲಿ ಮುಚ್ಚಿತು.

ಗ್ಯಾಲಕ್ಸಿಗಳ ಅಳತೆಯಲ್ಲಿ

ಪ್ರಶ್ನೆ ಇಲ್ಲಿಗೆ ಮುಗಿಯಲಿಲ್ಲ. ಅಳತೆ ದೊಡ್ಡದಾದಂತೆ ಅದು ಇನ್ನೂ ಕಗ್ಗಂಟಾಗುತ್ತದೆ. ಗ್ಯಾಲಕ್ಸಿಗಳ ಅಂಚಿನಲ್ಲಿರುವ ನಕ್ಷತ್ರಗಳೂ ಅನಿಲವೂ ನಿರೀಕ್ಷೆಗಿಂತ ಬಹಳ ವೇಗವಾಗಿ ಸುತ್ತುತ್ತವೆ. ಕಣ್ಣಿಗೆ ಕಾಣುವ ವಸ್ತುವಿನ ಸೆಳೆತ ಅವನ್ನು ಹಿಡಿದಿಡಲು ಸಾಲದು. ಅವು ಚದುರಿಹೋಗಬೇಕಿತ್ತು, ಹೋಗಿಲ್ಲ. ಮತ್ತೆ ಅದೇ ಮಾತು: ಕಾಣದ ವಸ್ತುವೋ, ತಪ್ಪಿದ ನಿಯಮವೋ?

ಕಾಣದ ವಸ್ತು ಎಂಬ ಕಡೆಗೆ ಮೊದಮೊದಲು ನಿಂತವರಲ್ಲಿ ಅದೇ ಕೌಶಿಕ್ ಒಬ್ಬರು. 1972 ಮತ್ತು 1973ರಲ್ಲಿ ಜೆ. ಮೆಕ್ಲೆಲೆಂಡ್ ಜೊತೆಗೂಡಿ, ವಿಶ್ವದ ಆದಿಯಲ್ಲಿ ಹುಟ್ಟಿ ಉಳಿದುಕೊಂಡ ನ್ಯೂಟ್ರಿನೋಗಳಿಗೆ ಸ್ವಲ್ಪ ದ್ರವ್ಯರಾಶಿಯಿದ್ದರೆ ಅವುಗಳ ಸೆಳೆತವೇ ಗ್ಯಾಲಕ್ಸಿಗಳ ಗುಂಪನ್ನು ಹಿಡಿದಿಡಬಹುದು ಎಂದು ಬರೆದರು. ನ್ಯೂಟ್ರಿನೋಗಳು ಆ ಕೆಲಸಕ್ಕೆ ತೀರ ಹಗುರ ಎಂದು ಆಮೇಲೆ ಗೊತ್ತಾಯಿತು. ಆದರೆ ಬೆಳಕು ಬೀರದ, ಹಿಡಿತಕ್ಕೆ ಸಿಗದ ಆದಿಕಾಲದ ಕಣಗಳು ವಿಶ್ವದ ಸೆಳೆತವನ್ನು ಆಳುತ್ತಿರಬಹುದು ಎಂಬ ವಿಚಾರ ಉಳಿಯಿತು. ಇಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಡಾರ್ಕ್ ಮ್ಯಾಟರ್ ವಿಚಾರ ಅದೇ ಹಾದಿಯದು.

ತಪ್ಪಿದ ನಿಯಮ ಎಂಬ ಕಡೆಗೆ ನಿಂತವರು ಇಸ್ರೇಲಿನ ಮೊರ್ದೆಹಾಯ್ ಮಿಲ್‌ಗ್ರೋಮ್. ಗುರುತ್ವದ ಹಿಡಿತ ತೀರ ಕ್ಷೀಣವಾದ ಕಡೆ ನ್ಯೂಟನ್ ನಿಯಮ ಬದಲಾಗುತ್ತದೆ ಎಂದು 1983ರಲ್ಲಿ ಅವರು ಸೂಚಿಸಿದರು. ಎಷ್ಟು ಕ್ಷೀಣ? ಆ ವೇಗೋತ್ಕರ್ಷದಲ್ಲಿ ನಿಂತ ವಸ್ತುವೊಂದು ಚಲಿಸಲು ಶುರುಮಾಡಿದರೆ ಸೆಕೆಂಡಿಗೆ ಒಂದು ಮೀಟರ್, ಅಂದರೆ ನಿಧಾನ ನಡಿಗೆಯ ವೇಗ, ಮುಟ್ಟಲು ಸುಮಾರು 260 ವರ್ಷ ಬೇಕು. ಹೈದರಾಲಿ ಅಧಿಕಾರ ಹಿಡಿದ ದಿನಗಳಲ್ಲಿ ಹೊರಟಿದ್ದರೆ ಅದು ಈಗ ನಡಿಗೆಯ ವೇಗಕ್ಕೆ ಬಂದಿರುತ್ತಿತ್ತು! ಈ ಸಣ್ಣ ತಿದ್ದುಪಡಿಯಿಂದ ಅನೇಕ ಗ್ಯಾಲಕ್ಸಿಗಳ ತಿರುಗಾಟ ಆಶ್ಚರ್ಯಕರವಾಗಿ ಲೆಕ್ಕಕ್ಕೆ ಹೊಂದುತ್ತದೆ. ಗ್ಯಾಲಕ್ಸಿಗಳ ದೊಡ್ಡ ಗುಂಪುಗಳಲ್ಲಿ ಮಾತ್ರ ಸರಿಯಾಗಿ ಹೊಂದುವುದಿಲ್ಲ. ಕಾಣದ ಕಣವನ್ನೂ ಯಾರೂ ಇನ್ನೂ ಹಿಡಿದಿಲ್ಲ. ತೀರ್ಪು ಬಾಕಿಯಿದೆ.

ಸಣ್ಣ ಅಳತೆಯ ಕಡೆಗೂ ಇಂಥ ಯೋಚನೆಗಳು ನಡೆದವು. ಪರಮಾಣು ಬೀಜದ ಅಳತೆಯಲ್ಲಿ ಗುರುತ್ವದಂಥದೇ ಪ್ರಬಲ ಬಲವೊಂದು ಕೆಲಸ ಮಾಡುತ್ತದೆಯೇ ಎಂಬುದರ ಬಗ್ಗೆ ಬೆಂಗಳೂರಿನ ಸಿ. ಶಿವರಾಮ್ ಮತ್ತು ಕೆ.ಪಿ. ಸಿನ್ಹಾ 1979ರಲ್ಲಿ ವಿಸ್ತಾರವಾಗಿ ಬರೆದರು. ಸಿಯಾಟಲ್‌ನ ತಂಡ ತನ್ನ ತಿರುಚು ತಕ್ಕಡಿಯನ್ನು ಸೂಕ್ಷ್ಮಗೊಳಿಸುತ್ತ ತಲೆಗೂದಲಿನ ದಪ್ಪದಷ್ಟು ಸಣ್ಣ ಅಂತರದವರೆಗೂ ವಿಲೋಮ ವರ್ಗ ನಿಯಮ ಸರಿಯೆಂದು ತೋರಿಸಿದೆ. 2016ರಲ್ಲಿ ಹಾರಿಸಿದ ಫ್ರಾನ್ಸಿನ ಉಪಗ್ರಹವೊಂದು ಟೈಟೇನಿಯಂ ಮತ್ತು ಪ್ಲಾಟಿನಂ ತೂಕಗಳನ್ನು ಬಾಹ್ಯಾಕಾಶದಲ್ಲಿ ಹೋಲಿಸಿತು. ಕೋಟಿ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಸೂಕ್ಷ್ಮವಾಗಿ ನೋಡಿದರೂ ವ್ಯತ್ಯಾಸ ಸಿಗಲಿಲ್ಲ.

ಐನ್‌ಸ್ಟೈನರಿಗೆ ಬದಲಾಗಿ ಬಂದ ಹಲವು ಸಿದ್ಧಾಂತಗಳು ಒಂದೇ ದಿನ ಬಿದ್ದ ಕಥೆಯೂ ಇದೆ. 2017ರ ಆಗಸ್ಟ್ 17ರಂದು, ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಎದ್ದ ಗುರುತ್ವದ ಅಲೆಯೂ ಗಾಮಾ ಕಿರಣವೂ ಸುಮಾರು 13 ಕೋಟಿ ವರ್ಷ ಪಯಣಿಸಿ, ಎರಡು ಸೆಕೆಂಡಿನೊಳಗಿನ ಅಂತರದಲ್ಲಿ ಭೂಮಿಗೆ ಬಂದವು. ಎರಡರ ವೇಗ ಬೇರೆ ಎಂದಿದ್ದ ಸಿದ್ಧಾಂತಗಳಿಗೆ ಅಲ್ಲಿಗೆ ಬಾಗಿಲು ಮುಚ್ಚಿತು. ಕಪ್ಪುಕುಳಿಯೊಂದು ಅಲುಗಾಡಿದರೆ, ಬಡಿದ ಗಂಟೆಯ ನಾದ ಕ್ರಮೇಣ ಅಡಗುವಂತೆ, ಗುರುತ್ವದ ಅಲೆ ಹೊರಡುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಸಿ.ವಿ. ವಿಶ್ವೇಶ್ವರ. ಅವರೂ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರೇ, ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ. ಬೆಂಗಳೂರಿನ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರು. ಗುರುತ್ವದ ಅಲೆಗಳು ಮೊದಲ ಸಲ ಸಿಕ್ಕ ಸುದ್ದಿ 2016ರಲ್ಲಿ ಬಂದಾಗ ಅವರು ಬದುಕಿದ್ದರು, 2017ರ ಜನವರಿಯಲ್ಲಿ ತೀರಿಕೊಂಡರು.

ನಮ್ಮ ಶಾಲೆಗೆ ಇದರಿಂದೇನು?

ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಿದ್ದಾರೆ, ರೈತರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಗಾರೆ ಕೆಲಸದ ಮೇಸ್ತ್ರಿಗಳೂ ಇದ್ದಾರೆ. ವಿಜ್ಞಾನ ಎಂದರೆ ಎಲ್ಲೋ ಯಾರೋ ಕಂಡುಹಿಡಿದದ್ದನ್ನು ನಾವು ಕಂಠಪಾಠ ಮಾಡುವುದು ಎಂಬ ಭಾವನೆ ನಮ್ಮಂಥ ಶಾಲೆಗಳಲ್ಲಿ ಬೇರೂರಿದೆ. ಕನ್ನಡದಲ್ಲಿ ಓದುವ ಮಗು ನ್ಯೂಟನ್ನನನ್ನು ಪ್ರಶ್ನಿಸಬಹುದು ಎಂದು ಅದಕ್ಕೆ ಯಾರೂ ಹೇಳುವುದಿಲ್ಲ. ನಂಜನಗೂಡಿನಲ್ಲಿ ಹುಟ್ಟಿದವರೊಬ್ಬರು ಚಿನ್ನದ ಗಣಿಯೊಳಗೆ ಇಳಿದದ್ದು, ಗೌರಿಬಿದನೂರಿನ ಬಂಡೆಯೊಳಗೆ ಒಂದು ತಂತಿ ತಿರುಚುತ್ತದೋ ಇಲ್ಲವೋ ಎಂದು ವರ್ಷಗಟ್ಟಲೆ ಕಾದದ್ದು ನಮ್ಮ ಮಕ್ಕಳಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಹಿಂದಿನ ಬೆಂಚಿನ ಪ್ರಶ್ನೆ ನಗುವಿನಲ್ಲೇ ಮುಗಿದುಹೋಗುತ್ತದೆ.

ಸುವರ್ಣ ಮಹೋತ್ಸವದ ನೆನಪಿಗೆ ಮಹಾದ್ವಾರ ಕಟ್ಟಿಸಬೇಕು, ರಂಗಮಂದಿರಕ್ಕೆ ಚಾವಣಿ ಹಾಕಿಸಬೇಕು ಎಂಬ ಮಾತು ನಡೆದಿದೆ. ಆಗಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಶಾಲೆಯ ವಿಜ್ಞಾನ ಕೊಠಡಿಯನ್ನು ದುರಸ್ತಿ ಮಾಡಿಸಿ, ಗೋಡೆಗೆ ಗಟ್ಟಿಯಾದ ಕೊಕ್ಕೆಯೊಂದನ್ನು ಹಾಕಿಸಿ, ಒಂದು ಮೀಟರ್ ಉದ್ದದ ಲೋಲಕವನ್ನು ಶಾಶ್ವತವಾಗಿ ತೂಗುಹಾಕಿಸಿರಿ. ಅದು ಒಮ್ಮೆ ಹೋಗಿ ಬರಲು ಸುಮಾರು ಎರಡು ಸೆಕೆಂಡ್ ತೆಗೆದುಕೊಳ್ಳುತ್ತದೆ. ಪ್ರತಿವರ್ಷ ಒಂಬತ್ತನೆಯ ತರಗತಿಯವರು ನೂರು ತೂಗಾಟಗಳ ಕಾಲವನ್ನು ಅಳೆದು, ಗುರುತ್ವದ ಬೆಲೆಯನ್ನು ಲೆಕ್ಕ ಹಾಕಿ, ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಡಲಿ. ಕೆಳಗೆ ಅಳೆದವರ ಹೆಸರು, ದಿನಾಂಕ ಇರಲಿ. ಗುಂಡನ್ನು ಒಂದು ವರ್ಷ ಕಬ್ಬಿಣದ್ದು, ಇನ್ನೊಂದು ವರ್ಷ ಕಲ್ಲಿನದು, ಮತ್ತೊಂದು ವರ್ಷ ಗೋಧಿ ತುಂಬಿದ ಡಬ್ಬಿ ಹೀಗೆ ಬದಲಿಸಲಿ. ವ್ಯತ್ಯಾಸ ಕಂಡರೂ ಕಂಡಂತೆ ಬರೆಯಲಿ, ಕಾಣದಿದ್ದರೂ ಬರೆಯಲಿ. ಪಕ್ಕದವರದನ್ನು ನೋಡಿ ಮಾತ್ರ ಬರೆಯುವುದು ಬೇಡ.

ಇದಕ್ಕೆ ತಗಲುವ ಖರ್ಚು ಮಹಾದ್ವಾರದ ಬಣ್ಣದ ಖರ್ಚಿಗಿಂತ ಕಡಿಮೆ. ಶತಮಾನೋತ್ಸವದ ಹೊತ್ತಿಗೆ ಆ ಪುಸ್ತಕದಲ್ಲಿ ಐವತ್ತು ವರ್ಷಗಳ ಅಳತೆಗಳಿರುತ್ತವೆ. ಆಗಿನ ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುವವರಿಗೆ ನಮ್ಮ ಮಕ್ಕಳ ಕೈಬರಹದಲ್ಲೇ ಸಾಮಗ್ರಿ ಸಿಗುತ್ತದೆ. ಕೊಕ್ಕೆಯ ಖರ್ಚಿಗೆ ನನ್ನ ಪಾಲಿನ ಹಣವನ್ನು ಈ ಲೇಖನದ ಜೊತೆಗೇ ಸಮಿತಿಗೆ ಒಪ್ಪಿಸಿದ್ದೇನೆ.